ಶರೀಫಾಬೀ ಮಾಡಿದ ಆಣೆ

ಯಾದಗಿರಿ
12 ನವೆಂಬರ್ 1951

ಪ್ರೀತಿಯ ಶರೀಫಾ ಆಪಾ,

ಮಳೆಗಾಲ ಮುಗಿದು ಜೋಳ ಮೊಣಕಾಲುದ್ದ ಬೆಳೆದರೂ ನಿಮ್ಮಿಂದ ಒಂದು ಸಾಲು ಇಲ್ಲ. ಸುರಪುರವೇನು ಸಮುದ್ರದ ಆಚೆ ಇದೆಯೇ? ಸಿಟ್ಟು ಮಾಡೋಣವೆಂದರೆ ಇವತ್ತು ಪುರುಸೊತ್ತಿಲ್ಲ. ಒಂದು ಕೆಟ್ಟ ಸುದ್ದಿ, ಒಂದು ಒಳ್ಳೆಯ ಸುದ್ದಿ ಒಟ್ಟಿಗೇ ಬಂದಿವೆ. ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ, ಎದೆ ಗಟ್ಟಿ ಮಾಡಿಕೊಳ್ಳಿ.

ನಿಜಾಮರ ಕಾಲದ ಉರ್ದು ಸನದಿನ ಮೇಲೆ ಹೆರಿಗೆ ಕೆಲಸಕ್ಕೆ ಸೇರಿದ ದಾಯಿಗಳನ್ನು ಬರುವ ಮಾರ್ಚಿಗೆ ತೆಗೆದುಹಾಕಬೇಕೆಂದು ಮೇಲಿನಿಂದ ಹುಕುಂ ಬಂದಿದೆ. ಅದರಲ್ಲಿ ನಿಮ್ಮ ಹೆಸರನ್ನು ನಾನೇ ಓದಿದೆ. ಹೈದರಾಬಾದಿನ ತರಬೇತಿ ಹಾಸ್ಟೆಲಿನಲ್ಲಿ ನೀವು ಪಕ್ಕದಲ್ಲಿ ಕೂತು ಅಲಿಫ್ ಬೇ ತಿದ್ದಿಸದಿದ್ದರೆ ನಾನು ಆ ಉರ್ದು ಪರೀಕ್ಷೆಯಲ್ಲೇ ಮುಗ್ಗರಿಸಿ ಊರಿಗೆ ವಾಪಸು ಬರುತ್ತಿದ್ದೆ. ಅದಕ್ಕೆ ಬದಲಾಗಿ ನಾನು ನಿಮಗೆ ಕನ್ನಡ ಅಕ್ಷರ ಕಲಿಸಿದೆ. ಆಮೇಲೆ ನನಗೆ ಇಂಗ್ಲಿಷ್ ಪರೀಕ್ಷೆ ಕಟ್ಟುವ ಬುದ್ಧಿ ಬಂತು, ನಿಮಗೆ ಬರಲಿಲ್ಲ. ಈಗ ಕಲಿಸಿದವರ ಸನದು ಕಸವಾಯಿತು, ಕಲಿತವಳು ನರ್ಸೆಂದು ಬಿಳಿ ಸೀರೆ ಉಟ್ಟು ಓಡಾಡುತ್ತಿದ್ದೇನೆ. ಎರಡು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ಇನ್ನು ಒಳ್ಳೆಯದು. ರೋಗಿಗಳನ್ನು ಅಂತಃಕರಣದಿಂದ ನೋಡಿಕೊಂಡ ಒಬ್ಬ ನರ್ಸಿಗೆ ಇಲ್ಲವೇ ದಾಯಿಗೆ ಜನವರಿ ಇಪ್ಪತ್ತಾರರಂದು ಜಿಲ್ಲೆಯ ಕಡೆಯಿಂದ ಪದಕ ಕೊಡುತ್ತಾರಂತೆ. ಹೆಸರು ಸೂಚಿಸಿ ಎಂದು ನಮ್ಮ ಡಾಕ್ಟರಿಗೆ ಕಾಗದ ಬಂದಿದೆ. ನಾನು ಕೂಡಲೇ ನಿಮ್ಮ ಹೆಸರು ಹೇಳಿದೆ. ಪದಕ ಬಂದವರನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ ಎಂದು ಅವರೇ ಅಂದರು. ಅಂದರೆ ಪದಕ ಬಂದರೆ ನಿಮ್ಮ ನೌಕರಿ ಉಳಿಯುತ್ತದೆ.

ನೀವು ಮಾಡಿದ ಒಂದೆರಡು ಸೇವೆಗಳನ್ನು ಊರು, ಹೆಸರು ಸಮೇತ ಬರೆದುಕೊಡಬೇಕು. ನೀವಾಗಿ ಬರೆಯುವ ಪೈಕಿ ಅಲ್ಲ, ನನಗೆ ಗೊತ್ತು. ಹೋದ ವರ್ಷ ನನ್ನ ತಾಯಿ ತೀರಿಕೊಂಡಾಗ ಬಂದು ನನ್ನ ಜೊತೆ ಇದ್ದಿರಲ್ಲ, ಆಗ ತಿಂಥಣಿಯ ಸಂಗತಿ ಹೇಳಿದ್ದಿರಿ. ಪೊಲೀಸ್ ಆ್ಯಕ್ಷನ್ನಿನ ಗಲಾಟೆಯಲ್ಲಿ ಓಡಿಬಂದ ತುಂಬು ಬಸುರಿ ಮದೀನಾಬೀ, ಅವಳಿಗೆ ನೀವು ಮಾಡಿಸಿದ ಹೆರಿಗೆ, ಅವಳು ಕಣ್ಣು ಮುಚ್ಚಿದ್ದು, ಅಂಬಿಗರ ಭೀಮವ್ವ ಆ ಕೂಸಿಗೆ ಎದೆ ಹಾಲು ಕೊಟ್ಟದ್ದು, ಆಮೇಲೆ ನೀವು ಅದನ್ನು ಅನಾಥ ಮಕ್ಕಳನ್ನು ಸಾಕುವ ಹೈದರಾಬಾದಿನ ಯತೀಮಖಾನೆಗೆ ಕಳಿಸಿದ್ದು. ಅದನ್ನೇ ಬರೆಯುತ್ತೇನೆ. ಕಲ್ಲೂ ಕರಗಬೇಕು, ಹಾಗೆ ಬರೆಯುತ್ತೇನೆ. ಬೇಗ ಉತ್ತರ ಹಾಕಿ.

ನಿಮ್ಮ ತಂಗಿ
ಅಯ್ಯಮ್ಮ


ಸುರಪುರ
24 ನವೆಂಬರ್ 1951

ತಂಗಿ ಅಯ್ಯಮ್ಮನಿಗೆ,

ನಿನ್ನ ಕಾಗದ ತಲುಪಿತು. ಹುಕುಮಿನ ಸುದ್ದಿ ಇಲ್ಲಿಗೂ ಬಂದಿದೆ. ನನ್ನ ಜೊತೆ ಕೆಲಸ ಕಲಿಯುತ್ತಿರುವ ಸುಗರಾಬಿ ಕೇಳಿ ಅತ್ತಳು, ನಾನು ಅಳಲಿಲ್ಲ. ನೌಕರಿ ಹೋದರೆ ನನಗೆ ಕಷ್ಟವೇ. ಗಂಡ ಸತ್ತ ಮೇಲೆ ಒಲೆ ಉರಿಯುತ್ತಿರುವುದು ಅದರಿಂದಲೇ. ನಿನ್ನ ಮುಂದೆ ಸುಳ್ಳು ಯಾಕೆ ಹೇಳಲಿ, ಆ ಪದಕ ಬಂದರೆ ಬರಲಿ ಎಂದು ನನಗೂ ಆಸೆಯಾಯಿತು.

ಆದರೆ ತಿಂಥಣಿಯದು ಬರೆಯಬೇಡ. ಸತ್ತವಳು ಸತ್ತಳು, ಅವಳನ್ನು ಯಾಕೆ ಎಬ್ಬಿಸಬೇಕು. ಬೇಕಿದ್ದರೆ ಕೊಂಕಲ್ಲಿನಲ್ಲಿ ಕಾಲರಾ ಬಂದ ವರ್ಷ ನಾನು ಅಲ್ಲೇ ಉಳಿದು ಬಾಣಂತಿಯರನ್ನು ನೋಡಿಕೊಂಡದ್ದನ್ನು ಬರೆ. ಆ ಮನೆಗಳ ಹೆಸರು ಹಾಕಬೇಡ. ನೀನು ದವಾಖಾನೆಯಲ್ಲಿ ಬೆಳೆದವಳು. ನಿಮ್ಮಲ್ಲಿ ಹೆಣ್ಣು ಬಂದು ಮಲಗಿದ ಕೂಡಲೇ ಅವಳ ಹೆಸರು, ಗಂಡನ ಹೆಸರು, ಊರು ಬರೆದುಕೊಳ್ಳುತ್ತೀರಿ. ನಮ್ಮದು ಹಾಗಲ್ಲ. ಹೆರಿಗೆ ಕೋಣೆಯೊಳಗೆ ಕಂಡದ್ದನ್ನು ದಾಯಿಯಾದವಳು ಹೊಸ್ತಿಲ ಆಚೆ ಒಯ್ಯುವುದಿಲ್ಲ. ಯಾವ ಮನೆಯಲ್ಲಿ ಯಾರು ಹೇಗೆ ಹುಟ್ಟಿದರು ಎಂದು ನಾನು ಬಾಯಿ ಬಿಟ್ಟರೆ ನಾಳೆ ಯಾವ ಹೆಣ್ಣು ನನ್ನ ಮುಂದೆ ಮಲಗುತ್ತಾಳೆ?

ನಿನ್ನ ಮುಂದೆ ಅಷ್ಟು ಹೇಳಿದ್ದೇ ಹೆಚ್ಚು. ನಿನ್ನ ತಾಯಿ ಹೋಗಿ ನೀನು ಕಲ್ಲಿನ ಹಾಗೆ ಕೂತಿದ್ದೆ. ನಿನ್ನನ್ನು ಮಾತಿಗೆಳೆಯಲು ಹೇಳಿದೆ. ಊಟ ಸರಿಯಾಗಿ ಮಾಡು.

ಶರೀಫಾಬೀ


ಯಾದಗಿರಿ
9 ಡಿಸೆಂಬರ್ 1951

ಶರೀಫಾ ಆಪಾ,

ನಿಮ್ಮ ಕಾಗದ ಬರುವ ಹೊತ್ತಿಗೆ ನಾನು ಬರೆದು ಕೊಟ್ಟಾಗಿತ್ತು. ಕೊಡದೆ ಇದ್ದಿದ್ದರೂ ಕೊಡುತ್ತಿದ್ದೆ. ಈ ಸಂಕೋಚದಿಂದಲೇ ನೀವು ಕೆಟ್ಟಿರಿ. ಇಪ್ಪತ್ತು ವರ್ಷ ಬೇರೆಯವರ ನೋವು ಹೊತ್ತವರು ತಮ್ಮ ಒಳ್ಳೆಯ ಹೆಸರನ್ನು ಹೊರಲು ನಾಚುತ್ತೀರಲ್ಲ. ಕಾಲರಾದ ಸಂಗತಿಯನ್ನೂ ಕೊನೆಗೆ ಸೇರಿಸಿದೆ, ಸರಿಯೇ? ಆದರೆ ಡಾಕ್ಟರು ಅದನ್ನು ಓದಲೇ ಇಲ್ಲ. ತಿಂಥಣಿಯದು ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮುಸಲ್ಮಾನ ತಾಯಿ ಸತ್ತಳು, ಹಿಂದೂ ತಾಯಿ ಹಾಲು ಕೊಟ್ಟಳು, ನಡುವೆ ನಿಂತವಳು ನಮ್ಮ ದಾಯಿ, ಈಗಿನ ಕಾಲಕ್ಕೆ ಬೇಕಾದದ್ದೇ ಇದು ಎಂದರು. ಚುನಾವಣೆಯ ಹೊತ್ತು ಬೇರೆ. ಸಾಹೇಬರುಗಳಿಗೆಲ್ಲ ಇಂಥ ಮಾತು ಹಿಡಿಸುತ್ತದೆ.

ಹೆಸರುಗಳನ್ನೆಲ್ಲ ಸರಿಯಾಗಿ ಬರೆದಿದ್ದೇನೆ. ಮದೀನಾಬೀ, ಶಹಾಪುರದ ಮಕ್ತುಮಸಾಬರ ಮಗಳು. ಭೀಮವ್ವ, ತಿಂಥಣಿಯ ಅಂಬಿಗ ಗುರಣ್ಣನ ಹೆಂಡತಿ. ಸಭೆಗೆ ಭೀಮವ್ವನನ್ನೂ ಕರೆಸಿ ಸೀರೆ ಉಡಿಸಬೇಕೆಂದು ತೀರ್ಮಾನವಾಗಿದೆ. ತಹಶೀಲಿನ ಚಪರಾಸಿ ಖಾಜಾಹುಸೇನ ಆಮಂತ್ರಣ ತೆಗೆದುಕೊಂಡು ಇಷ್ಟರಲ್ಲೇ ತಿಂಥಣಿಗೆ ಹೋಗುತ್ತಾನೆ. ಆ ಕೂಸು ಯಾವ ಯತೀಮಖಾನೆಯಲ್ಲಿದೆ ಎಂದು ತಿಳಿಸಿದರೆ ಅದನ್ನೂ ಕರೆಸಬಹುದು ಎಂದು ಡಾಕ್ಟರು ಕೇಳಿದ್ದಾರೆ. ಮೂರು ವರ್ಷದ್ದಾಗಿರಬೇಕು, ಅಲ್ಲವೇ? ಭೀಮವ್ವನ ತೊಡೆಯ ಮೇಲೆ ಆ ಕೂಸನ್ನು ಕೂಡಿಸಿ, ಪಕ್ಕದಲ್ಲಿ ನೀವು ನಿಂತರೆ ಯಾರ ಕಣ್ಣು ಒಣಗಿರುತ್ತದೆ ಹೇಳಿ.

ನಿಮಗೊಂದು ಹೊಸ ಸೀರೆ ನಾನೇ ತೆಗೆದಿಟ್ಟಿದ್ದೇನೆ. ಬಣ್ಣ ಯಾವುದೆಂದು ಹೇಳುವುದಿಲ್ಲ.

ಅಯ್ಯಮ್ಮ


ಸುರಪುರ
15 ಡಿಸೆಂಬರ್ 1951

ಅಯ್ಯಮ್ಮ,

ಇದನ್ನು ಓದಿದ ಕೂಡಲೇ ಡಾಕ್ಟರ ಹತ್ತಿರ ಹೋಗಿ ಆ ಕಾಗದ ಹಿಂದಕ್ಕೆ ತೆಗೆದುಕೊ. ಕಾಲು ಹಿಡಿಯಬೇಕಾದರೆ ಹಿಡಿ. ಚಪರಾಸಿ ತಿಂಥಣಿಗೆ ಹೋಗಬಾರದು.

ಯತೀಮಖಾನೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಕೂಸು ತಿಂಥಣಿಯಲ್ಲೇ ಇದೆ, ಭೀಮವ್ವನ ಮಗಳಾಗಿ ಬೆಳೆಯುತ್ತಿದೆ. ಮೋನಮ್ಮ ಎಂದು ಹೆಸರು. ಗುರಣ್ಣನಿಗೆ ಅದು ತನ್ನ ಕೂಸಲ್ಲ ಎಂದು ಗೊತ್ತಿಲ್ಲ. ಊರಿಗೂ ಗೊತ್ತಿಲ್ಲ. ಈಗ ಗೊತ್ತಿರುವುದು ಭೀಮವ್ವನಿಗೆ, ನನಗೆ, ಇವತ್ತಿನಿಂದ ನಿನಗೆ.

ಆ ಗಲಾಟೆಯಲ್ಲಿ ಭೀಮವ್ವನ ಅತ್ತೆ ಸಾಯಬಮ್ಮ ಸೊಸೆಯ ಹೆರಿಗೆಗೆಂದು ನನ್ನನ್ನು ಕರೆಸಿದ್ದಳು. ಕರೆಸಿದ್ದು ಹೆರಿಗೆಗೆ, ಉಳಿಸಿದ್ದು ನನ್ನ ಜೀವ. ದಾರಿಯಲ್ಲಿ ನಿಮ್ಮವರನ್ನು ಕಡಿಯುತ್ತಿದ್ದಾರೆ, ಎಲ್ಲಿಗೂ ಹೋಗಬೇಡ ಎಂದು ಜೋಳದ ಕಣಜದ ಹಿಂದೆ ಹಾಸಿಕೊಟ್ಟಳು. ಗುರಣ್ಣ ಹರಗೋಲು ಹಾಕಿಕೊಂಡು ಹೊಳೆಯ ಆಚೆ ದಂಡೆಗೆ ಹೋದವನು ನೀರು ಏರಿದ್ದರಿಂದ ಅಲ್ಲೇ ಸಿಕ್ಕಿಕೊಂಡಿದ್ದ. ಭೀಮವ್ವನಿಗೆ ಹೆಣ್ಣು ಕೂಸು ಹುಟ್ಟಿತು, ಉಸಿರಿರಲಿಲ್ಲ. ಅದಕ್ಕೆ ಮೊದಲಿನ ಎರಡೂ ಹಾಗೇ ಹೋಗಿದ್ದವು. ಈ ಸಲವೂ ಹೋದರೆ ಗಂಡ ಇನ್ನೊಬ್ಬಳನ್ನು ತರುತ್ತಾನೆಂದು ಅವಳಿಗೆ ಗೊತ್ತಿತ್ತು. ಕೂಸನ್ನು ಬಿಟ್ಟುಕೊಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಅವತ್ತೇ ಸಂಜೆಯ ಮುಂದೆ ಮದೀನಾಬೀ ಬಂದಳು. ಗಂಡನನ್ನು ಅವಳ ಕಣ್ಣ ಮುಂದೆಯೇ ಕೊಂದಿದ್ದರು. ಹೊಳೆ ದಾಟಿ ಲಿಂಗಸುಗೂರಿನ ನಂಟರ ಮನೆ ಸೇರಬೇಕೆಂದು ಓಡಿಬಂದಿದ್ದಳು. ಸಾಯಬಮ್ಮ ಒಳಗೆ ಎಳೆದುಕೊಂಡಳು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತು. ತಾಯಿಯ ರಕ್ತ ನಿಲ್ಲಲಿಲ್ಲ. ನನ್ನ ಕೈಲಾದದ್ದೆಲ್ಲ ಮಾಡಿದೆ, ನಿಲ್ಲಲಿಲ್ಲ. ಅವಳು ಹೋದ ಮೇಲೆ ಸಾಯಬಮ್ಮ ಆ ಕೂಸನ್ನು ಎತ್ತಿ ಸೊಸೆಯ ಎದೆಗೆ ಹಚ್ಚಿದಳು. ಭೀಮವ್ವನ ಸತ್ತ ಕೂಸನ್ನು ನಾನು ಮದೀನಾಬೀಯ ತೋಳಿನಲ್ಲಿಟ್ಟೆ. ಹೊಳೆದಂಡೆಯ ಹುಣಸೆಯ ಗಿಡದ ಹತ್ತಿರ ಇಬ್ಬರನ್ನೂ ಒಂದೇ ಗೋರಿಗೆ ಇಳಿಸಿದೆವು. ಯಾರೂ ಯಾರಿಗೂ ಹೇಳಕೂಡದು ಎಂದು ಮೂವರೂ ಮಾತು ಕೊಟ್ಟುಕೊಂಡೆವು. ಸಾಯಬಮ್ಮ ಹೋದ ವರ್ಷ ಸತ್ತಳು, ಅವಳು ಮಾತು ಉಳಿಸಿಕೊಂಡಳು.

ಗೊತ್ತಾದರೆ ಗುರಣ್ಣ ಹೆಂಡತಿಯನ್ನು ಹೊರಗೆ ಹಾಕುತ್ತಾನೆ. ಕುಲದವರು ಅವಳನ್ನು ಸೇರಿಸುವುದಿಲ್ಲ. ಕೂಸು ಮೂರು ವರ್ಷದ್ದು, ಅದಕ್ಕೆ ಅವಳೊಬ್ಬಳೇ ಅವ್ವ. ಪದಕ ನನಗೆ ಬೇಡ, ನೌಕರಿಯೂ ಬೇಡ. ನನ್ನ ಕೈಮುಗಿದ ಮಾತು ಇದು.

ಶರೀಫಾಬೀ


ಯಾದಗಿರಿ
22 ಡಿಸೆಂಬರ್ 1951

ಆಪಾ,

ಹೇಗೆ ಬರೆಯಲಿ ನಿಮಗೆ? ನಿಮ್ಮ ಕಾಗದ ಕೈಗೆ ಬಂದ ಕೂಡಲೇ ಡಾಕ್ಟರ ಹತ್ತಿರ ಓಡಿದೆ. ಫೈಲು ಗುಲ್ಬರ್ಗಾಕ್ಕೆ ಹೋಗಿ ಎಷ್ಟೋ ದಿನವಾಗಿದೆ. ಚಪರಾಸಿಯೂ ತಿಂಥಣಿಗೆ ಹೋಗಿ ಬಂದಾಗಿದೆ. ಪಾಪ, ಅವನದೇನು ತಪ್ಪು. ಒಳ್ಳೆಯ ಸುದ್ದಿ ಎಂದು ಹೊಳೆಯ ದಂಡೆಯಲ್ಲಿ ಹತ್ತು ಮಂದಿಯ ನಡುವೆ ನಿಂತು ಗಟ್ಟಿಯಾಗಿ ಓದಿದನಂತೆ. ಗುರಣ್ಣನ ಬೆನ್ನು ತಟ್ಟಿ ನಿನ್ನ ಹೆಂಡತಿ ದೇವರಂಥವಳು ಎಂದನಂತೆ. ಹಾಗಾದರೆ ಆ ಕೂಸು ಎಲ್ಲಿ ಹೋಯಿತು ಎಂದು ಗುರಣ್ಣ ಕೇಳಿದನಂತೆ. ಭೀಮವ್ವ ಸತ್ತಿತು ಎಂದಳಂತೆ. ಕಾಗದದಲ್ಲಿ ಯತೀಮಖಾನೆ ಎಂದು ಬರೆದಿದೆಯಲ್ಲ ಎಂದು ಈ ಖಾಜಾಹುಸೇನನೇ ತಿದ್ದಿ ಹೇಳಿದನಂತೆ. ಗುರಣ್ಣ ಅಲ್ಲಿಂದ ಹರಗೋಲಿನ ಕಡೆ ನಡೆದುಬಿಟ್ಟನಂತೆ. ನಾನು ಬರೆದುಕೊಟ್ಟದ್ದೇ ಅದು. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಇನ್ನೊಂದು ವಿಷಯ ಇದೆ. ಹೇಳದೆ ಇರಲಾರೆ. ಮದೀನಾಬೀಯ ತಂದೆ ಮಕ್ತುಮಸಾಬ ಮೊನ್ನೆ ದವಾಖಾನೆಗೆ ಬಂದಿದ್ದರು. ಶಹಾಪುರದಲ್ಲಿ ನೇಕಾರಿಕೆ ಮಾಡುತ್ತಿದ್ದ ಮುದುಕರು, ಈಗ ಕಣ್ಣು ಮಂದವಾಗಿ ಮಗ್ಗ ಬಿಟ್ಟಿದ್ದಾರೆ. ಮಗಳಿಗೆ ಏನಾಯಿತೆಂದು ಮೂರು ವರ್ಷ ಯಾರೂ ಅವರಿಗೆ ಹೇಳಿರಲಿಲ್ಲ. ಈ ಕಾಗದದ ಸುದ್ದಿ ಶಹಾಪುರಕ್ಕೂ ಹೋಗಿ ಗೊತ್ತಾಯಿತು. ನನ್ನ ಮುಂದೆ ನೆಲದ ಮೇಲೆ ಕೂತು, ಮಗಳು ಸತ್ತದ್ದಕ್ಕೆ ಅಳಲಿಲ್ಲ, ಕೂಸು ಬದುಕಿದೆ ಎಂದು ಅತ್ತರು. "ನಂದಂತ ಅನ್ನಾಕ ಭೂಮಿ ಮ್ಯಾಲ ಅದೊಂದೇ ಅದ, ನರ್ಸಬಾಯಿ. ಎಲ್ಲಿ ಅದ ಅಂತ ಹೇಳ್ರಿ, ನಾ ನಡಕೋತ ಹೋಗ್ತೀನಿ" ಎಂದರು.

ನಾನು ಏನೂ ಹೇಳಲಿಲ್ಲ. ಆದರೆ ಗೊತ್ತಿಲ್ಲ ಎಂದೂ ಹೇಳಲಿಲ್ಲ. ಶರೀಫಾಬೀಯನ್ನು ಕೇಳಿ ಎಂದೆ. ಆಪಾ, ಭೀಮವ್ವನ ದುಃಖ ದೊಡ್ಡದು, ಒಪ್ಪುತ್ತೇನೆ. ಈ ಮುದುಕನದು ಸಣ್ಣದೇ? ಅವರ ರಕ್ತ ಅದು. ಮೂವರು ಕೂತು ಮಾತು ಕೊಟ್ಟುಕೊಂಡಿರಿ, ನಾಲ್ಕನೆಯವನೊಬ್ಬ ಶಹಾಪುರದಲ್ಲಿದ್ದಾನೆ ಎಂದು ಯಾರಿಗೂ ಅನ್ನಿಸಲಿಲ್ಲವೇ? ನಿಜ ಹೇಳಿದರೆ ಎಲ್ಲರೂ ಸೇರಿ ಏನಾದರೂ ದಾರಿ ಮಾಡಬಹುದು. ನಿಮ್ಮ ನೌಕರಿಯೂ ಉಳಿಯುತ್ತದೆ. ಯೋಚನೆ ಮಾಡಿ.

ಅಯ್ಯಮ್ಮ


ಸುರಪುರ
10 ಜನವರಿ 1952

ಅಯ್ಯಮ್ಮನಿಗೆ,

ದಾರಿ ಮಾಡಬಹುದು ಎಂದು ಬರೆದಿದ್ದೆ. ದಾರಿ ಆಗಿಹೋಯಿತು. ಬೇರೆಯವರ ಬಾಯಿಂದ ನೀನು ಕೇಳಬಾರದೆಂದು ನಾನೇ ಬರೆಯುತ್ತಿದ್ದೇನೆ.

ಮಕ್ತುಮಸಾಬರು ನನ್ನ ಮನೆಗೆ ಬಂದರು. ಅವರಿಗೆ ಉತ್ತರ ಕೊಡುವ ಮೊದಲೇ ತಿಂಥಣಿಯಿಂದ ಕರೆ ಬಂತು. ಗುರಣ್ಣ ಕೂಸಿಗೆ ತನ್ನ ತಾಟಿನಲ್ಲಿ ಉಣ್ಣಿಸುವುದನ್ನು ಬಿಟ್ಟಿದ್ದ. ಓಣಿಯ ಹೆಂಗಸರು ಹಿಂದಿನದನ್ನೆಲ್ಲ ಕೆದಕಿ, ಆ ವಾರ ಆ ಮನೆಯಿಂದ ಒಂದೇ ಕೂಸಿನ ಅಳು ಕೇಳಿದ್ದು ಎಂದು ಮಾತಾಡುತ್ತಿದ್ದರು. ಕುಲದ ಹಿರಿಯ ಹಣಮಂತ್ರಾಯ ಪಂಚಾಯಿತಿ ಸೇರಿಸಿದ್ದ. ದಾಯಿ ಬಂದು ಮೋನಪ್ಪಯ್ಯನ ಗುಡಿಯ ಹೊಸ್ತಿಲು ಮುಟ್ಟಿ ಹೇಳಲಿ, ಅವಳು ಹೇಳಿದ್ದೇ ಕಡೆ ಮಾತು ಎಂದು ಒಪ್ಪಿಕೊಂಡಿದ್ದರು. ತಹಶೀಲಿನ ಗುಮಾಸ್ತನೂ ಬರೆದುಕೊಳ್ಳಲು ಬಂದಿದ್ದ. ಮುದುಕರು ನನ್ನ ಜೊತೆಯಲ್ಲೇ ಬಂದರು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ಹೊಸ್ತಿಲು ನಿಮಗೆ ಬೇರೆ, ನಮಗೆ ಬೇರೆ ಅಲ್ಲ. ನನ್ನ ಅಜ್ಜಿ ಅಲ್ಲಿ ಹರಕೆಯ ಸಕ್ಕರೆ ಓದಿಸುತ್ತಿದ್ದಳು. ನನಗೆ ಮೊದಲ ಹೆರಿಗೆ ಮಾಡಿಸಲು ಕಲಿಸುವ ಮುಂದೆ ಅಲ್ಲಿಗೆ ಕರೆದೊಯ್ದು ನನ್ನ ಎರಡೂ ಕೈ ಆ ಕಲ್ಲಿಗೆ ಮುಟ್ಟಿಸಿದ್ದಳು. ಅಲ್ಲಿ ಸುಳ್ಳು ಹೇಳಿದವರು ಉದ್ಧಾರವಾದದ್ದಿಲ್ಲ ಎಂದು ನಾನು ಇವತ್ತಿಗೂ ನಂಬುತ್ತೇನೆ. ನಗಬೇಡ.

ಭೀಮವ್ವನನ್ನು ಹೊಳೆಯ ಮೆಟ್ಟಿಲ ಮೇಲೆ ಕೂಡಿಸಿದ್ದರು. ತೀರ್ಮಾನ ಆಗುವವರೆಗೆ ಮನೆಯೊಳಗೆ ಬರಬಾರದು ಎಂದಿದ್ದರು. ಕೂಸು ಅವಳ ಸೆರಗು ಹಿಡಿದು ಆಡುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಗುರಣ್ಣ ಕೆಟ್ಟವನಲ್ಲ, ಅವನ ಮುಖ ಸೊರಗಿತ್ತು. ಎದ್ದು ನಿಂತು, "ನನ್ನ ಕೂಸಾದ್ರ ನನ್ನದು ಅನ್ರಿ, ಅಲ್ಲಾಂದ್ರ ಅಲ್ಲ ಅನ್ರಿ. ನಡುವ ಇಡಬ್ಯಾಡ್ರಿ" ಎಂದ.

ಹೊಸ್ತಿಲ ಮೇಲೆ ಎರಡೂ ಕೈ ಇಟ್ಟು ಹೇಳಿದೆ: "ಈ ಕೂಸು ಭೀಮವ್ವನ ಹೊಟ್ಟಿಲೇ ಹುಟ್ಯಾದ. ನನ್ನ ಕೈಲೇ ಹಿಡದೀನಿ. ಸುಳ್ಳಾದ್ರ ಈ ಕೈ ಸೇದಿ ಒಣಗಿ ಹೋಗಲಿ."

ಹಾಗಾದರೆ ಹಾಲು ಕೊಟ್ಟ ಕೂಸು ಯಾವುದು ಎಂದು ಗುಮಾಸ್ತ ಕೇಳಿದ. ಅಂಥದ್ದು ನಡೆದೇ ಇಲ್ಲ, ಓಡಿಬಂದ ಹೆಣ್ಣುಮಗಳೂ ಅವಳ ಕೂಸೂ ಇಬ್ಬರೂ ಅವತ್ತೇ ಸತ್ತರು, ಬಹುಮಾನದ ಆಸೆಗೆ ನಾನೇ ಕಥೆ ಕಟ್ಟಿ ಯಾದಗಿರಿಯ ನರ್ಸಿಗೆ ಹೇಳಿದೆ, ಅವಳು ನಂಬಿ ಬರೆದಳು ಎಂದೆ. ಅವನು ಹಾಗೇ ಬರೆದುಕೊಂಡು ನನ್ನ ಹೆಬ್ಬೆಟ್ಟು ಕೇಳಿದ. ನನಗೆ ಸಹಿ ಮಾಡಲು ಬರುತ್ತದೆ ಎಂದು ಹೇಳಿ ನೀನು ಕಲಿಸಿದ ಕನ್ನಡದಲ್ಲಿ ಸಹಿ ಮಾಡಿದೆ. ಜನ ಉಗಿಯಲಿಲ್ಲ, ಆದರೆ ಒಬ್ಬಳು ಮುದುಕಿ, ಸತ್ತವರ ಮೇಲೂ ಕಥೆ ಕಟ್ಟುವುದೇ ಎಂದು ನನ್ನ ಮುಖಕ್ಕೇ ಹೇಳಿ ಹೋದಳು. ಗುರಣ್ಣ ಮೆಟ್ಟಿಲಿಳಿದು ಹೋಗಿ ಕೂಸನ್ನು ಎತ್ತಿಕೊಂಡ. ಅದು ಅವನ ಮುಂಡಾಸ ಎಳೆಯಿತು.

ಮಕ್ತುಮಸಾಬರು ಬೇವಿನ ಗಿಡದ ಕೆಳಗೆ ಕೂತಿದ್ದರು. ನಾನು ಹೇಳಿದ್ದೆಲ್ಲ ಕೇಳಿತ್ತು. ಕೂಸು ಹುಟ್ಟಿದ ಮೇಲೆ ಅತ್ತಿತ್ತೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರು ಎದ್ದು ಬಸ್ಸಿನ ಕಡೆ ನಡೆದರು. ಅಯ್ಯಮ್ಮ, ಒಬ್ಬಳ ಮಡಿಲು ಉಳಿಸಲು ಒಬ್ಬ ಮುದುಕನದೆಲ್ಲವನ್ನೂ ಕಿತ್ತುಕೊಂಡೆ. ನಾಲ್ಕನೆಯವನೊಬ್ಬ ಇದ್ದಾನೆ ಎಂದು ನೀನು ಬರೆದದ್ದು ನಿಜ.

ಶರೀಫಾಬೀ


ಯಾದಗಿರಿ
2 ಫೆಬ್ರವರಿ 1952

ಆಪಾ,

ಪದಕ ಬೇರೆ ಯಾವುದೋ ಊರಿನವರಿಗೆ ಹೋಯಿತು. ಅವರು ಯಾರೆಂದು ನಾನು ಕೇಳಲಿಲ್ಲ. ನಿಮ್ಮ ಮೇಲೆ ಬರೆದದ್ದನ್ನು ಮಾತ್ರ ಕಂಡೆ. ಸುಳ್ಳು ಮಾಹಿತಿ ಕೊಟ್ಟು ಸರ್ಕಾರಕ್ಕೆ ಮೋಸ ಮಾಡಿದ ದಾಯಿ, ಮಾರ್ಚಿನವರೆಗೂ ಕಾಯದೆ ಕೂಡಲೇ ತೆಗೆಯತಕ್ಕದ್ದು ಎಂದಿದೆ. ನನಗೂ ಒಂದು ಎಚ್ಚರಿಕೆಯ ಕಾಗದ ಕೊಟ್ಟಿದ್ದಾರೆ. ಅದು ಏನೂ ಅಲ್ಲ. ಡಾಕ್ಟರು, ನಿನ್ನ ಆಪಾ ಎಂಥ ನಾಟಕದವಳಮ್ಮ ಎಂದು ಎಲ್ಲರ ಮುಂದೆ ನಕ್ಕರು. ನಾನು ತಲೆ ತಗ್ಗಿಸಿ ನಿಂತೆ. ಎಷ್ಟು ಕಷ್ಟವಾಯಿತು ಎಂದು ಹೇಳಲಾರೆ.

ಒಂದು ಮಾತು ಕೇಳುತ್ತೇನೆ. ಡಾಕ್ಟರಿಗೊಬ್ಬರಿಗೆ ಗುಟ್ಟಾಗಿ ಹೇಳಲೇ? ಅವರು ಬಾಯಿ ಬಿಡುವವರಲ್ಲ. ನಿಮ್ಮನ್ನು ಕಳ್ಳಿಯ ಹಾಗೆ ಹೊರಗೆ ಹಾಕುವುದನ್ನು ನಾನು ನೋಡಲಾರೆ. ನೀವು ಬೇಡ ಎಂದರೆ ಹೇಳುವುದಿಲ್ಲ. ಈ ಸಲ ನಿಮ್ಮ ಉತ್ತರ ಬರುವವರೆಗೆ ಕಾಯುತ್ತೇನೆ.

ಸುಗರಾಬಿ ಇಲ್ಲಿಗೆ ಔಷಧಿ ಒಯ್ಯಲು ಬಂದಾಗ ನಿಮ್ಮ ಸುದ್ದಿ ಹೇಳಿದಳು. ಆಣೆ ಮಾಡಿದ ದಿನದಿಂದ ನೀವು ಒಂದು ಹೆರಿಗೆಯನ್ನೂ ಮುಟ್ಟಿಲ್ಲವಂತೆ. ಸುಳ್ಳು ಆಣೆಯ ಕೈ ಹೆಣ್ಣಿನ ಹೊಟ್ಟೆ ಮುಟ್ಟಬಾರದು ಎಂದಿರಂತೆ. ಅವಳಿಗೆ ಆ ಮಾತಿನ ಅರ್ಥ ಆಗಿಲ್ಲ, ನನಗೆ ಆಯಿತು. ಕೈ ಯಾಕೆ ಸೇದುತ್ತದೆ ಆಪಾ? ಕಲ್ಲಿಗೆ ಏನು ಗೊತ್ತು? ನನ್ನ ಮನೆಗೆ ಬನ್ನಿ. ಹತ್ತಿಕುಣಿಯ ಕಡೆ ಎಷ್ಟೋ ಹಳ್ಳಿಗಳಲ್ಲಿ ದಾಯಿಯೇ ಇಲ್ಲದೆ ಹೆಂಗಸರು ಸಾಯುತ್ತಿದ್ದಾರೆ. ಸರ್ಕಾರದ ನೌಕರಿ ಹೋದರೆ ಹೋಗಲಿ, ನಿಮ್ಮ ವಿದ್ಯೆ ಹೋಗಿಲ್ಲವಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆಯಿರಿ. ಸುಮ್ಮನೆ ಇರಬೇಡಿ.

ಅಯ್ಯಮ್ಮ


ಸುರಪುರ
20 ಮಾರ್ಚ್ 1952

ತಂಗಿ ಅಯ್ಯಮ್ಮನಿಗೆ,

ತಡವಾಯಿತು. ಡಾಕ್ಟರಿಗೆ ಹೇಳಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ಮೊದಲು ಇತ್ತು, ಈಗಿಲ್ಲ. ನಾನು ಅರ್ಧ ಹೇಳಿದೆ, ನೀನು ಆ ಅರ್ಧವನ್ನು ಪ್ರೀತಿಯಿಂದ ಬರೆದೆ.

ಕ್ವಾರ್ಟರು ಬಿಟ್ಟು ದರ್ಗಾದ ಹಿಂದಿನ ಓಣಿಗೆ ಬಂದಿದ್ದೇನೆ. ಕೈ ಚೆನ್ನಾಗಿಯೇ ಇದೆ, ರೊಟ್ಟಿ ಬಡಿಯುತ್ತೇನೆ, ನೀರು ಸೇದುತ್ತೇನೆ. ಆದರೆ ಹೆರುವ ಹೆಣ್ಣನ್ನು ಮುಟ್ಟುವುದು ಮಾತ್ರ ಆಗುವುದಿಲ್ಲ. ನನಗೆ ಬರುವುದಾದರೆ ಬರಲಿ, ಆ ಶಾಪ ನನ್ನ ಕೈಯಿಂದ ಇನ್ನೊಬ್ಬಳ ಹೊಟ್ಟೆಗೆ ಹೋಗಬಾರದು. ಯಾರಾದರೂ ಕರೆದರೆ ಬಾಗಿಲ ಹೊರಗೆ ಕೂತು ಸುಗರಾಬಿಗೆ ಏನು ಮಾಡಬೇಕೆಂದು ಹೇಳುತ್ತೇನೆ, ಅವಳು ಮಾಡುತ್ತಾಳೆ. ಮೊನ್ನೆ ಒಬ್ಬಳಿಗೆ ಕೂಸು ಅಡ್ಡ ಬಂದಿತ್ತು. ನನ್ನ ಕೈ ಇದ್ದಿದ್ದರೆ ತಿರುಗಿಸುತ್ತಿದ್ದೆ. ಸುಗರಾಬಿಗೆ ಆಗಲಿಲ್ಲ. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಇದಕ್ಕೆ ನೀನು ಏನು ಬರೆಯುತ್ತೀಯೆಂದು ನನಗೆ ಗೊತ್ತು. ಎದ್ದು ಒಳಗೆ ಹೋಗಬೇಕೆಂದು ನಾನೂ ಎದ್ದೆ. ಹೊಸ್ತಿಲ ಹತ್ತಿರ ಹೋಗಿ ನಿಂತೆ, ಕಾಲು ಏಳಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು, ಅದಕ್ಕೇ ಈ ಕಾಗದ.

ಹೋದ ವಾರ ಮಕ್ತುಮಸಾಬರು ಮತ್ತೆ ಬಂದರು. ಕೂಸಿನ ಮಾತು ಕೇಳಲು ಬಂದರೇನೋ ಎಂದು ಹೆದರಿದೆ. ಅವರು ಕೇಳಿದ್ದು ಬೇರೆ. ಮಗಳನ್ನು ಹೂಳಿದ ಜಾಗ ತೋರಿಸು, ಅವಳ ಸದ್ಗತಿಗೆ ಫಾತಿಹಾ ಓದಬೇಕು ಎಂದರು. ಹೇಗೆ ಇಲ್ಲ ಎನ್ನಲಿ? ತಿಂಥಣಿಗೆ ಕರೆದುಕೊಂಡು ಹೋಗಿ ಹುಣಸೆಯ ಗಿಡದ ಹತ್ತಿರ ಕೂಡಿಸಿದೆ. ಗೋರಿಯ ಮೇಲೆ ಕಲ್ಲೂ ಇಲ್ಲ, ಮಣ್ಣು ಕುಸಿದು ನೆಲಕ್ಕೆ ಸಮನಾಗಿತ್ತು. ಮುದುಕರು ಕೈಯಿಂದ ಮಣ್ಣು ಒಟ್ಟುಮಾಡಿ ಆಕಾರ ಮಾಡಿದರು. ಕೂಸೂ ಇದರೊಳಗೇ ಇದೆಯೇ ಎಂದು ಕೇಳಿದರು. ತಾಯಿಯ ತೋಳಿನಲ್ಲಿದೆ ಎಂದೆ. ಅವರು ಒಂದು ಪಕ್ಕದಲ್ಲಿ ಸ್ವಲ್ಪ ಮಣ್ಣು ಹೆಚ್ಚಿಗೆ ಏರಿಸಿದರು, ಕೂಸಿಗೆಂದು.

ಬಟ್ಟೆ ಒಗೆಯಲು ಹೊಳೆಗೆ ಬಂದಿದ್ದ ಭೀಮವ್ವ ದೂರದಿಂದ ನಮ್ಮನ್ನು ಕಂಡಳು. ಬರುವುದಿಲ್ಲ ಎಂದುಕೊಂಡೆ. ಮೋನಮ್ಮನನ್ನು ಬಗಲಲ್ಲಿ ಎತ್ತಿಕೊಂಡೇ ಬಂದಳು. ಆಣೆಯ ದಿನದಿಂದ ನಾವಿಬ್ಬರೂ ಒಂದು ಮಾತು ಆಡಿರಲಿಲ್ಲ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಕೂಸನ್ನು ಕೆಳಗಿಳಿಸಿ, ಮುದುಕರ ಎದುರಿಗೆ ಗೋರಿಯ ಆಚೆ ಕೂತಳು.

ಮುದುಕರು ಮಗಳಿಗೆ ಓದಿ ಮುಗಿಸಿ ಏಳುವುದರಲ್ಲಿದ್ದರು. ಅವಳು, "ಅಜ್ಜಾರ, ಆ ಸಣ್ಣದಕ್ಕೂ ಓದ್ರಿ" ಎಂದಳು.

ಅವರು ಮತ್ತೆ ಕೂತು ಕೈ ಎತ್ತಿದರು. ಅವರು ಓದುತ್ತಿದ್ದ ಹಾಗೆ ಭೀಮವ್ವ ಅಳಲು ಶುರು ಮಾಡಿದಳು. ಅಯ್ಯಮ್ಮ, ಮೂರು ವರ್ಷದಲ್ಲಿ ಅವಳು ತನ್ನ ಕೂಸಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಅತ್ತರೆ ಗಂಡ ಯಾಕೆ ಎಂದು ಕೇಳುತ್ತಿದ್ದ, ಓಣಿ ಕೇಳುತ್ತಿತ್ತು. ಅವತ್ತು ನೆಲಕ್ಕೆ ಹಣೆ ಹಚ್ಚಿ ಅತ್ತಳು. ನಾನು ಸುತ್ತಲೂ ನೋಡಿದೆ, ದಂಡೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಮೋನಮ್ಮ ಹೆದರಿ ಹೋಗಿ ಮುದುಕರ ಮೊಣಕಾಲು ಹಿಡಿದು ನಿಂತಿತು. ಅವರು ಮಂದಗಣ್ಣಿನಿಂದ ಅದರ ಕಡೆ ನೋಡಿ, ಯಾರೋ ಎಂಬಂತೆ ತಲೆ ಸವರಿದರು. ಅದು ನಿಮ್ಮದೇ ರಕ್ತ ಎಂದು ನಾನು ಹೇಳಲಿಲ್ಲ. ಹಾಗೆ ಮುಚ್ಚಿಟ್ಟದ್ದನ್ನು ದೇವರು ಕ್ಷಮಿಸುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಮುದುಕರು ಓದುವುದನ್ನು ಮುಗಿಸಿ ಭೀಮವ್ವನ ತಲೆಯ ಮೇಲೆ ಕೈ ಇಟ್ಟರು. "ಯಾರ ಕೂಸಿಗೋ ಇಷ್ಟು ಅಳಾಕತ್ತೀಯಲ್ಲವ್ವ. ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು.

ಅವಳು ಮುಖ ಒರೆಸಿಕೊಂಡು, ಮಗಳನ್ನು ಎತ್ತಿಕೊಂಡು, ಒಗೆಯುವ ಬಟ್ಟೆಯ ಗಂಟಿನ ಕಡೆ ಹೋದಳು.

ಶರೀಫಾಬೀ